ಜೋಕಾಲಿ ಕಟ್ಟಿದವರು ಮೊದಲು ಕೂತು ತೋರಿಸಲಿ

ಮೊದಲು ನನ್ನ ಕೈಬಿಟ್ಟದ್ದು ಎಡಗಾಲಿನ ಚಪ್ಪಲಿ.

ಬುಕಿತ್ ಪಂಜಾಂಗಿನಲ್ಲಿ ಎಲ್‌ಆರ್‌ಟಿ ರೈಲು ಇಳಿದು ತರಕಾರಿ ಚೀಲ ಹಿಡಿದು ಹೊರಟಿದ್ದೆ. ಹಿಂದಿನಿಂದ ಒಬ್ಬ ಕಾಲೇಜು ಹುಡುಗಿ "ಆಂಟಿ, ಆಂಟಿ, ಯುವರ್ ಸ್ಲಿಪ್ಪರ್!" ಎಂದು ಓಡಿ ಬಂದಳು. ಕೆಳಗೆ ನೋಡಿದರೆ ಎಡಗಾಲು ಬರಿದು. ಚಪ್ಪಲಿ ಬಿಟ್ಟುಹೋದದ್ದು ಕಾಲಿಗೆ ಗೊತ್ತೇ ಆಗಿಲ್ಲ. ಥ್ಯಾಂಕ್ ಯು ಮೈ ಡಿಯರ್ ಎಂದು ಹಾಕಿಕೊಂಡು ಮನೆಗೆ ಬಂದೆ. ಯಾರಿಗೂ ಹೇಳಲಿಲ್ಲ. ನನ್ನ ವಯಸ್ಸಿನವರು ಇಂಥದ್ದನ್ನು ಮನೆಯವರಿಗೆ ಹೇಳುವುದೆಂದರೆ ನಮ್ಮ ವಿರುದ್ಧ ನಾವೇ ಸಾಕ್ಷಿ ಹೇಳಿಕೊಂಡ ಹಾಗೆ. ಇಂದು ಚಪ್ಪಲಿ ಅನ್ನುತ್ತೀರಿ, ನಾಳೆ ಅವರು ನಿಮ್ಮ ಮನೆ ಕೀಲಿ ಇಸಿದುಕೊಳ್ಳುತ್ತಾರೆ.

ಆಮೇಲೆ ಸೀರೆಯ ನಿರಿಗೆ. ಕಾಲೇಜಿಗೆ ಹೋಗುವಾಗಿನಿಂದ ಉಟ್ಟ ಸೀರೆ, ಕಣ್ಣು ಮುಚ್ಚಿಕೊಂಡು ನಿರಿಗೆ ಹಿಡಿದ ಕೈ. ಈಗ ಎಡಗೈ ಬೆರಳಿನ ಸಂದಿನಿಂದ ಒಂದೊಂದೇ ನಿರಿಗೆ ಮೆಲ್ಲಗೆ ಜಾರಿ ಹೋಗುತ್ತಿತ್ತು, ಕ್ಲಾಸಿನಿಂದ ಹಿಂಬಾಗಿಲಲ್ಲಿ ನುಸುಳುವ ಹುಡುಗಿಯರ ಹಾಗೆ. ಬೆಳಗ್ಗೆ ಏಳುವಾಗ ತಲೆ ಕಲ್ಲು. ನಾಷ್ಟಾ ಆಗುವ ಹೊತ್ತಿಗೆ ಕಡಿಮೆ.

ಮಗಳು ವೀಣಾ ಗಮನಿಸಿದಳು. "ಅವ್ವಾ, ಇತ್ತೀಚಿಗೆ ನೀ ಭಾಳ ಸ್ಲೋ ಆಗೀದಿ. ಮೊನ್ನೆ ಗೋಡಿಗೆ ಹಾಯ್ದು ಹೊಂಟಿದ್ದಿ."

"ಗೋಡೀನ ನನಗ ಹಾಯ್ದು ಬಂತು," ಅಂದೆ.

"ಜೋಕ್ ಮಾಡಬ್ಯಾಡ. ಡಾಕ್ಟರ್ ಅಪಾಯಿಂಟ್‌ಮೆಂಟ್ ಬುಕ್ ಮಾಡ್ತೀನಿ. ಮೆಮರಿ ಟೆಸ್ಟ್ ಅಂತ ಇರ್ತದ, ಒಮ್ಮೆ ಮಾಡಿಸಿಬಿಡೂಣು."

ಮೆಮರಿ ಟೆಸ್ಟ್! ಕಾನ್ವೆಂಟಿನ ರೋಲ್ ಕಾಲ್ ಇವತ್ತಿಗೂ ಹಿಂದುಮುಂದಾಗದೆ ಒಪ್ಪಿಸುವವಳು ನಾನು. ಸಿಟ್ಟು ಬಂತು. ಆದರೆ ಆ ಸಿಟ್ಟಿನ ಅಡಿಯಲ್ಲಿ ತಣ್ಣಗೆ ಒಂದು ಭಯ ಕೂತಿತ್ತು. ನಮ್ಮ ಅತ್ತೆಯವರು ಕೊನೆಗಾಲದಲ್ಲಿ ನನ್ನನ್ನೇ ನೋಡಿ "ಈಕಿ ಯಾರು?" ಎಂದು ಕೇಳುತ್ತಿದ್ದರು. ನನಗೂ ಆ ದಿನ ಬಂತೇನೋ. ಈ ಭಯ ಯಾರಿಗೆ ಬಂದಿದೆಯೋ ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ವೇಟಿಂಗ್ ರೂಮಿನಲ್ಲಿ ತನ್ನದೇ ಚಪ್ಪಲಿಯನ್ನು ಕಾಯುತ್ತ ಕೂತವಳು ಇನ್ನೊಬ್ಬಳು ಎಲ್ಲೋ ಇದ್ದೇ ಇರುತ್ತಾಳೆ. ತಾಯೀ, ಎಲ್ಲವೂ ವಯಸ್ಸಿನಿಂದ ಆಗುವುದಿಲ್ಲ. ಕೆಲವು ಬೇರೆಯವರು ಮಾಡಿದ್ದರಿಂದಲೂ ಆಗುತ್ತವೆ.

ನನಗೆ ಆದದ್ದು ಒಂದು ಜೋಕಾಲಿಯಿಂದ.

ನಮ್ಮವರು ತೀರಿಕೊಂಡ ಮೇಲೆ ನಾನು ಧಾರವಾಡದ ಬಾಡಿಗೆ ಮನೆ ಖಾಲಿ ಮಾಡಿ ವೀಣಾ ಜೊತೆ ಇರಲು ಸಮುದ್ರ ದಾಟಿ ಈ ಪರದೇಶಕ್ಕೆ ಬಂದವಳು. ಅಳಿಯ ಮಹಾಂತೇಶ ಬೂನ್ ಲೇ ಕಡೆ ಒಂದು ಫ್ಯಾಕ್ಟರಿಯಲ್ಲಿ ಇಂಜಿನಿಯರ್. ಮೊಮ್ಮಗಳು ಇರಾ, ಪ್ರೈಮರಿ ಟೂ, ಅಂದರೆ ಎರಡನೇ ಕ್ಲಾಸು. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಬಾಲಕ್ಕೆ ಇಲ್ಲಿಯವರೆಲ್ಲ ಹಚ್ಚುವ ಒಂದು 'ಲಾ'. ನಾನು ತಿದ್ದಲು ಹೋಗಿ, ಕೊನೆಗೆ ನನ್ನ ಬಾಯಲ್ಲೇ ಲಾ ಬಂದು, ಕೈಬಿಟ್ಟೆ.

ಇರಾ ಶಾಲೆಯಲ್ಲಿ ಕಂಬಿಗೆ ಜೋತು ಬಿದ್ದು ಆಡುವುದು ಕಲಿತು ಬಂದು ಮನೆಯಲ್ಲೂ ಅದೇ ಬೇಕೆಂದು ಹಟ ಹಿಡಿದಳು. ನಮ್ಮದು ಬಾಡಿಗೆ ಫ್ಲಾಟು. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಮಹಾಂತೇಶ ಆನ್‌ಲೈನಿನಲ್ಲಿ ಹುಡುಕಿ ಮಕ್ಕಳ ಹೋಮ್ ಜಿಮ್ ಎಂಬ ಸೆಟ್ ತರಿಸಿದರು. ಬಾಗಿಲ ಚೌಕಟ್ಟಿನ ಎರಡು ಬದಿಗೂ ಒತ್ತಿಕೊಂಡು ನಿಲ್ಲುವ ಒಂದು ಕಬ್ಬಿಣದ ಕಂಬಿ, ತುದಿಗಳಿಗೆ ರಬ್ಬರ್ ಬಿಲ್ಲೆ. ಅದಕ್ಕೆ ನೇತುಹಾಕಲು ಹಗ್ಗದ ಏಣಿ, ಹಿಡಿದು ಜೋತಾಡುವ ಬಳೆಗಳು, ಮತ್ತೆ ಒಂದು ಅಗಲ ಬಟ್ಟೆಯ ಜೋಕಾಲಿ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ನೋ ಡ್ರಿಲ್, ನೋ ಡ್ಯಾಮೇಜ್. ಕೆಳಗೆ ಬಣ್ಣದ ಚಿತ್ರ: ಜೋಕಾಲಿಯಲ್ಲಿ ತಾಯಿ, ತಾಯಿಯ ತೊಡೆಯ ಮೇಲೆ ಮಗು, ಇಬ್ಬರ ಮುಖದಲ್ಲೂ ಹಲ್ಲೋ ಹಲ್ಲು.

ನನ್ನ ಕಣ್ಣು ನಿಂತದ್ದು ಆ ಚಿತ್ರದ ಮೇಲೆ. ಪಂಚಮಿ ಹತ್ತಿರ ಬಂದಿತ್ತು.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಾಗರ ಪಂಚಮಿ ಎಂದರೆ ಶೇಂಗಾ ಉಂಡಿ, ತಂಬಿಟ್ಟು, ಮತ್ತು ಜೋಕಾಲಿ. ಜೋಕಾಲಿ ಜೀಕದ ಹೆಣ್ಣುಮಗಳಿಗೆ ಪಂಚಮಿಯೇ ಆಗಲಿಲ್ಲ. ನಮ್ಮ ಓಣಿಯ ಬೇವಿನ ಮರಕ್ಕೆ ಅಪ್ಪ ಹಗ್ಗ ಕಟ್ಟುತ್ತಿದ್ದ. ಕಟ್ಟಿ ಮುಗಿದ ಮೇಲೆ ಧೋತರ ಎತ್ತಿ ಸಿಕ್ಕಿಸಿ ತಾನೇ ಮೊದಲು ಕೂರುತ್ತಿದ್ದ. ದಪ್ಪ ಮನುಷ್ಯ, ಟೊಂಗೆ ಕಿರ್ರ್ ಎನ್ನುತ್ತಿತ್ತು. ನಾವು ಹುಡುಗಿಯರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಅವನು ನಗುತ್ತಿರಲಿಲ್ಲ. ಜೋರಾಗಿ ಜೀಕಿ, ಇಳಿದು, ಗಂಟು ಮುಟ್ಟಿ ನೋಡಿ, "ಹೂಂ, ಈಗ ಬರ್ರಿ" ಎನ್ನುತ್ತಿದ್ದ. ಯಾರು ಕಟ್ಟಿದರೋ ಅವರು ಮೊದಲು ಕೂರಬೇಕು, ಆಮೇಲೆ ಮಕ್ಕಳು. ಓಣಿಯಲ್ಲಿ ಎಲ್ಲರದೂ ಅದೇ ರೀತಿ. ಎಲ್ಲೂ ಬರೆದಿಟ್ಟದ್ದಲ್ಲ. ಕಾನ್ವೆಂಟಿನ ನಮ್ಮ ಸಿಸ್ಟರ್ ಫಿಲೋಮಿನಾ ಪಂಚಮಿ ಮರುದಿನ ನಮ್ಮ ಕೆಂಪು ಅಂಗೈ ನೋಡಿ ಮೂಗು ಮುರಿಯುತ್ತಿದ್ದರು. ಆದರೆ ಸ್ಕೂಲ್ ಗ್ರೌಂಡಿಗೆ ಹೊಸ ಸೀ-ಸಾ ಬಂದಾಗ, ಅಷ್ಟುದ್ದ ಬಿಳಿ ಗೌನು ಒತ್ತಿ ಹಿಡಿದು ಅದರ ಮೇಲೆ ಮೊದಲು ಕೂತವರು ಅವರೇ. ಎರಡು ಧರ್ಮದವರೂ ಒಪ್ಪಿದ ಮಾತು ಅದೊಂದೇ ಇರಬೇಕು.

ಕಂಬಿ ಕೂರಿಸಲು ಅಂಗಡಿಯವರೇ ಒಬ್ಬನನ್ನು ಕಳಿಸಿದ್ದರು. ಗಟ್ಟಿಮುಟ್ಟಾದ ಆಳು. ಬೆಡ್‌ರೂಮಿನ ಬಾಗಿಲಿಗೆ ಕಂಬಿ ಹಿಡಿದು ತಿರುಗಿಸಿ ಬಿಗಿ ಮಾಡಿ, ಒಂದು ಕೈಯಿಂದ ಎಳೆದು, "ಓಕೆ, ಕ್ಯಾನ್ ಆಲ್‌ರೆಡಿ" ಎಂದ.

ನಾನು ಸೋಫಾದಿಂದಲೇ ಹೇಳಿದೆ: "ಯಂಗ್ ಮ್ಯಾನ್, ನೀವು ಮೊದಲು ಕೂತು ತೋರಿಸಿ."

ಅವನು ನಕ್ಕ. "ಐಯೋ ಆಂಟಿ! ಐ ಸಿಟ್, ಶೂರ್ ಡ್ರಾಪ್ ಲಾ!"

ಇರಾಗೆ ಅದೊಂದು ದೊಡ್ಡ ತಮಾಷೆ. ಇಡೀ ಸಂಜೆ ಅವನ ಧಾಟಿಯಲ್ಲೇ "ಶೂರ್ ಡ್ರಾಪ್ ಲಾ" ಎಂದು ಮನೆ ತುಂಬ ಕುಣಿದಳು. ಆಂಟಿಯ ಹುಚ್ಚು ಮಾತಿಗೆ ಅವನದೊಂದು ಜೋಕ್, ಅಷ್ಟೇ ಎಂದುಕೊಂಡೆವು ಎಲ್ಲರೂ.

ಪಂಚಮಿಯ ದಿನ ಜೋಕಾಲಿಗೆ ಎರಡು ಎಳೆ ಮಲ್ಲಿಗೆ ಸುತ್ತಿದೆ. ಮಹಾಂತೇಶರಿಗೆ ಹೇಳಿದೆ: "ಅಳಿಯಂದಿರ, ನೀವರ ಒಮ್ಮೆ ಕುಂತು ನೋಡ್ರಿ."

ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದರು. ಕೈ ಎತ್ತಿ, "ಅತ್ತಿ, ಕಾಲ್‌ನ್ಯಾಗ ಅದೀನ್ರಿ. ಅವರ ಮನಷ್ಯಾನ ಬಂದು ಹಾಕಿ ಹೋಗ್ಯಾನಲ್ಲ, ಏನಾಗೂದಿಲ್ರಿ," ಎಂದರು.

ಇರಾ ಡಬ್ಬ ತಂದು ಚಿತ್ರ ತೋರಿಸಿದಳು. "ಅಜ್ಜಿ, ಲೈಕ್ ದಿಸ್. ಯು ಸಿಟ್, ಐ ಸಿಟ್ ಆನ್ ಯು. ಕಮ್ ಲಾ."

ಚಿತ್ರದಲ್ಲಿದ್ದ ತಾಯಿ ನನಗಿಂತ ದಪ್ಪವೇ ಇದ್ದಳು. ಕೂತೆ. ತೊಡೆಯ ಮೇಲೆ ಇರಾ. ನೆಲಕ್ಕೆ ಕಾಲು ಕೊಟ್ಟು ಮೆಲ್ಲಗೆ ಜೀಕಿದೆ. ಮಲ್ಲಿಗೆ ವಾಸನೆ, ಮಗುವಿನ ಕೂದಲ ವಾಸನೆ. "ಹೈಯರ್ ಅಜ್ಜಿ, ಹೈಯರ್!" ಎಂದಳು. ಎರಡನೇ ಸಲವೋ ಮೂರನೇ ಸಲವೋ ಮುಂದೆ ಹೋದಾಗ ಕಂಬಿಯ ಒಂದು ತುದಿ ಚೌಕಟ್ಟಿನ ಮೇಲೆ ಸರ್ರನೆ ಜಾರಿತು.

ಬೀಳುವಾಗ ನಾನು ಮಗುವನ್ನು ಎದೆಗೆ ಒತ್ತಿಕೊಂಡು ಬಗ್ಗಿದೆ. ಕಂಬಿ ಬಂದು ನನ್ನ ಬಲಗಿವಿಯ ಮೇಲೆ ಬಡಿಯಿತು. ಇರಾಗೆ ಒಂದು ಗೀರೂ ಇಲ್ಲ. ಥ್ರೋಬಾಲ್ ಟೀಮಿನಲ್ಲಿ ನನ್ನನ್ನು ಸದಾ ಎಕ್ಸ್‌ಟ್ರಾ ಆಗಿ ಕೂರಿಸುತ್ತಿದ್ದ ಸಿಸ್ಟರ್ ಇದ್ದಿದ್ದರೆ ನೋಡಬೇಕಿತ್ತು. ಜೀವಮಾನದ ಬೆಸ್ಟ್ ಕ್ಯಾಚ್ ಅದು. ಬಾಗಿಲ ಚೌಕಟ್ಟಿಗೂ ಏನೂ ಆಗಲಿಲ್ಲ. ನೋ ಡ್ಯಾಮೇಜ್ ಎಂದಿದ್ದರಲ್ಲ, ಆ ಮಾತು ಉಳಿಸಿಕೊಂಡರು.

ತಲೆ ಬುಗುಟಿಗೆ ಐಸ್ ಇಟ್ಟುಕೊಂಡು ಉಂಡಿ ತಿಂದೆ. ಕಂಬಿ ಡಬ್ಬ ಸೇರಿತು. ಬುಗುಟು ಇಳಿಯಿತು. ಮರೆತೆವು.

ಚಪ್ಪಲಿ ಜಾರಲು ಶುರುವಾದದ್ದು ಎಷ್ಟೋ ವಾರಗಳ ಮೇಲೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೆಂದು ಯಾರಿಗೆ ಹೊಳೆಯಬೇಕು?

ಪಾಲಿಕ್ಲಿನಿಕ್ಕಿನಲ್ಲಿ ಎಳೆ ವಯಸ್ಸಿನ ಡಾಕ್ಟರ್ ಒಂದು ಹಾಳೆ ಕೊಟ್ಟು ಗಡಿಯಾರ ಬರೆಯಿರಿ, ಅಂಕಿ ತುಂಬಿ ಎಂದರು. ಇಷ್ಟೇನಾ ಎಂದುಕೊಂಡು ಠೀವಿಯಿಂದ ಬರೆದು ಕೊಟ್ಟೆ. ವೀಣಾ ಅದನ್ನು ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ಡಾಕ್ಟರ ಮುಖದ ನಗು ಹೋಯಿತು. ನನ್ನ ಕಣ್ಣಿಗೆ ಅದು ಸರಿಯಾದ ಗಡಿಯಾರವೇ. ಅಂಕಿಗಳನ್ನೆಲ್ಲ ನಾನು ಬಲಗಡೆಗೇ ತುರುಕಿದ್ದೆ, ಎಡಭಾಗ ಪೂರ್ತಿ ಖಾಲಿ ಬಿಟ್ಟಿದ್ದೆ ಎಂದು ಆಮೇಲೆ ತೋರಿಸಿದರು. ನನ್ನ ಪಾಲಿಗೆ ಜಗತ್ತಿನ ಎಡಗಡೆಯೇ ಅಳಿಸಿಹೋಗುತ್ತಿತ್ತು. ನನಗೆ ಗೊತ್ತಿರಲಿಲ್ಲ. ಇಡೀ ಕಾಯಿಲೆಯಲ್ಲಿ ನನ್ನನ್ನು ನಿಜವಾಗಿ ಹೆದರಿಸಿದ್ದು ಇದೊಂದೇ: ಕಳೆದುಕೊಂಡದ್ದು ನಮಗೇ ಗೊತ್ತಾಗದಿರುವುದು.

ಅಲ್ಲಿಂದ ನೇರ ದೊಡ್ಡಾಸ್ಪತ್ರೆಗೆ. ಟ್ಯಾಕ್ಸಿಯಲ್ಲಿ ವೀಣಾ ನನ್ನ ಎಡಗೈ ಗಟ್ಟಿಯಾಗಿ ಹಿಡಿದಿದ್ದಳು. ಮಗಳು ಕೈ ಹಿಡಿದದ್ದು ನಾನು ಕಣ್ಣಿಂದ ನೋಡಿ ತಿಳಿದೆ.

ಸ್ಕ್ಯಾನ್ ಆಯಿತು. ಶಾಲೆಯಿಂದ ಇರಾಳನ್ನು ಕರೆದುಕೊಂಡು ಮಹಾಂತೇಶರೂ ಬಂದರು. ಎಮರ್ಜೆನ್ಸಿಯ ಡಾಕ್ಟರ್ ಕೇಳಿದರು: "ಈ ಕೆಲವು ತಿಂಗಳಲ್ಲಿ ಬಿದ್ದಿದ್ದರಾ? ತಲೆಗೆ ಏನಾದರೂ ಪೆಟ್ಟು?"

"ನೋ, ನೋ," ಎಂದಳು ವೀಣಾ. ಮಹಾಂತೇಶರೂ ತಲೆಯಾಡಿಸಿದರು.

ಅವರ ಹಿಂದಿನಿಂದ ಸಣ್ಣ ದನಿ ಬಂತು: "ದ ಸ್ವಿಂಗ್."

ಎಲ್ಲರೂ ತಿರುಗಿ ಇರಾಳನ್ನು ನೋಡಿದರು. ದೊಡ್ಡವರು ನಾಲ್ಕು ಜನ ಒಟ್ಟಿಗೆ ತಿರುಗಿ ನೋಡಿದರೆ ಮಗುವಿಗೆ ಏನನ್ನಿಸಬೇಡ. ಅಪ್ಪನ ಅಂಗಿ ಹಿಡಿದು ಹಿಂದೆ ಸರಿದಳು. ಅಜ್ಜಿಯ ತಲೆಯಲ್ಲಿ ರಕ್ತ ಕಟ್ಟಿದೆ, ಅದು ಆ ದಿನದ್ದು ಎಂದು ಡಾಕ್ಟರ್ ಹೇಳಿದ್ದು ಅವಳ ಕಿವಿಗೂ ಬಿತ್ತು. ಅಂದಿನಿಂದ ಅವಳು ನನ್ನ ಹತ್ತಿರ ಬರಲಿಲ್ಲ.

ತಲೆಬುರುಡೆಯಲ್ಲಿ ತೂತು ಕೊರೆದು ಆ ರಕ್ತ ಹೊರಗೆ ಬಿಡಬೇಕು ಎಂದರು ಸರ್ಜನ್. ಗೋಡೆಗೆ ಬೇಡವೆಂದ ಡ್ರಿಲ್ಲು ನನ್ನ ತಲೆಗೆ ಬಂತು ನೋಡಿ. ಮಾರನೆಯ ಬೆಳಗ್ಗೆ ಆಪರೇಷನ್.

ಕಾಯುವ ಜಾಗದಲ್ಲಿ ನನ್ನನ್ನು ಗಾಲಿ ಮಂಚದ ಮೇಲೆ ಮಲಗಿಸಿದ್ದರು. ಅಕ್ಕಪಕ್ಕ ಇನ್ನೂ ಕೆಲವು ಮಂಚ, ಎಲ್ಲರ ಕಣ್ಣೂ ಸೂರಿನ ಮೇಲೆ. ಚಳಿ. ತಲೆಗೆ ಸ್ಕಾರ್ಫ್ ಕಟ್ಟಿದ ಮಲಯ್ ನರ್ಸಮ್ಮ ಬಳೆ, ಉಂಗುರ, ಕಿವಿಯೋಲೆ ಎಲ್ಲ ತೆಗೆಸಿದಳು. ಕೊನೆಗೆ ಕೊರಳಿನ ಬೆಳ್ಳಿ ಕರಡಿಗೆ ಮುಟ್ಟಿದಳು.

"ದಿಸ್ ವನ್ ಆಲ್ಸೋ, ಆಂಟಿ."

"ನಾಟ್ ದಿಸ್ ವನ್," ಎಂದೆ.

ಕರಡಿಗೆಯೊಳಗೆ ಇಷ್ಟಲಿಂಗ. ಹಸುಗೂಸಾಗಿದ್ದಾಗ ಕಟ್ಟಿದ್ದು. ಸ್ನಾನ, ಹೆರಿಗೆ, ಕಾನ್ವೆಂಟಿನ ಪಿ.ಟಿ. ಪೀರಿಯಡ್, ಯಾವುದಕ್ಕೂ ಮೈಯಿಂದ ಅಗಲಿಸಿದವಳಲ್ಲ. ವೀಣಾ ಅಳುತ್ತಿದ್ದಳು, "ಅವ್ವಾ, ರೂಲ್ಸ್ ಅದಾವ, ಕೊಡು." ನಾನು ಕೊಡಲಿಲ್ಲ. ತಲೆ ಕೊರೆಯಿರಿ, ಕೂದಲು ಬೋಳಿಸಿ, ಅದಕ್ಕೆಲ್ಲ ಸಹಿ ಹಾಕಿದ್ದೇನೆ. ಇದಕ್ಕೆ ಹಾಕಿಲ್ಲ.

ನರ್ಸಮ್ಮ ಕೇಳಿದಳು, "ವಾಟ್ ಇಸ್ ಇನ್‌ಸೈಡ್?"

"ಮೈ ಗಾಡ್. ಲಿಟರಲಿ."

ಅವಳು ನಗಲಿಲ್ಲ. ತನ್ನ ಸ್ಕಾರ್ಫಿನ ಅಂಚು ಒಮ್ಮೆ ಮುಟ್ಟಿಕೊಂಡಳು. ಒಳಗೆ ಹೋಗಿ ಯಾರನ್ನೋ ಕೇಳಿ ಬಂದಳು. ಬೆಳ್ಳಿ ಕರಡಿಗೆ ಮಗಳ ಕೈಗೆ ಕೊಡಿಸಿ, ಲಿಂಗವನ್ನು ಶುದ್ಧ ಬ್ಯಾಂಡೇಜ್ ಬಟ್ಟೆಯಲ್ಲಿ ಸುತ್ತಿ, ಪಾರದರ್ಶಕ ಚೀಲಕ್ಕೆ ಹಾಕಿ, ನನ್ನ ಬಲ ಮುಂಗೈಗೆ ಟೇಪಿನಿಂದ ಅಂಟಿಸಿದಳು. "ಇನ್‌ಸೈಡ್ ಪೀಪಲ್ ಐ ಟೆಲ್ ಆಲ್‌ರೆಡಿ. ನೋಬಡಿ ಟೇಕ್," ಎಂದಳು. ಕಾನ್ವೆಂಟಿನ ಪ್ರಾರ್ಥನೆ ಅರ್ಧ, ಓಂ ನಮಃ ಶಿವಾಯ ಅರ್ಧ ಹೇಳುತ್ತ ಒಳಗೆ ಹೋದೆ. ಆ ಹುಡುಗಿಯ ಹೆಸರು ಕೇಳಲಿಲ್ಲ. ಅದೊಂದು ಕೊರಗು ಉಳಿದಿದೆ.

ಎಚ್ಚರವಾದಾಗ ಮೊದಲು ಬಲಗೈ ಮುಟ್ಟಿ ನೋಡಿದೆ, ನನ್ನ ಶಿವ ಇದ್ದ. ಆಮೇಲೆ ಎಡಗೈ ಬೆರಳು ಆಡಿಸಿದೆ. ಆಡಿದವು. ಒಂದೊಂದನ್ನೂ ಹೆಬ್ಬೆರಳಿಗೆ ತಾಗಿಸಿದೆ. ನಿರಿಗೆ ಹಿಡಿಯುವ ಬೆರಳುಗಳೆಲ್ಲ ಹಾಜರ್, ಪ್ರೆಸೆಂಟ್ ಸಿಸ್ಟರ್. ಪಕ್ಕದ ಮಂಚದ ಚೀನೀ ಅಜ್ಜಿಗೆ ಇಂಗ್ಲಿಷ್ ಬಾರದು, ನನಗೆ ಅವಳ ಭಾಷೆ ಬಾರದು. ಕಿತ್ತಳೆ ಸುಲಿದು ಒಂದೊಂದೇ ತೊಳೆ ಕಳಿಸುತ್ತಿದ್ದಳು. ನನ್ನ ಅರ್ಧ ಬೋಳು ತಲೆ ತೋರಿಸಿ ಹೆಬ್ಬೆರಳು ಎತ್ತಿದಳು. ವೀಣಾ ವಿಗ್ ನೋಡಿ ಬಂದಿದ್ದಳು. ಬೇಡವೆಂದೆ. ಮುಚ್ಚಿಟ್ಟುಕೊಳ್ಳುವಂಥದ್ದು ನಾನೇನೂ ಮಾಡಿಲ್ಲ.

ಮನೆಗೆ ಬಂದೆ. ಇರಾ ಬಾಗಿಲ ಮರೆಯಲ್ಲಿ ನಿಂತು ನೋಡಿದಳು, ಬಳಿಗೆ ಬರಲಿಲ್ಲ. ಬೆಡ್‌ರೂಮಿನ ಆ ಬಾಗಿಲು ದಾಟುವಾಗ ತಲೆ ತಗ್ಗಿಸಿ ಓಡುತ್ತಿದ್ದಳು. ಕೆಳಗೆ ಮಕ್ಕಳು ಆಡಲು ಕರೆದರೆ ಹೊಟ್ಟೆನೋವು. ಹಿಂದೆ ಅವಳು ಸುಮ್ಮನೆ ಕೂತರೆ ನಾನು ಹಣೆ ಮುಟ್ಟಿ ಜ್ವರ ಇದೆಯೇ ನೋಡುತ್ತಿದ್ದೆ. ಈಗ ದಿನವಿಡೀ ತೊಡೆ ಕೆಳಗೆ ಕೈ ಇಟ್ಟುಕೊಂಡು ಕೂತಿರುತ್ತಿದ್ದಳು, ಕೈಗಳೇ ಏನೋ ಮಾಡಿಬಿಡುತ್ತವೆ ಎನ್ನುವ ಹಾಗೆ.

ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ: "ಏನಾತು ಬಂಗಾರಾ?"

ತೊಡೆ ಕೆಳಗಿನ ಕೈ ತೆಗೆಯದೆ ಹೇಳಿದಳು. "ಐ ಸೆಡ್ ಹೈಯರ್."

"ಜೋಕಾಲ್ಯಾಗ ಕುಂತ ಮಗು ಹೈಯರ್ ಅನ್ನದ ಮತ್ತೇನ ಅನ್ನಬೇಕು? ಲೋಯರ್ ಅನ್ನಬೇಕ?"

ನಗಲಿಲ್ಲ. ನನ್ನ ತಲೆಯ ಹೊಲಿಗೆಯನ್ನೇ ನೋಡುತ್ತಿದ್ದಳು. ನನ್ನ ಮಾತನ್ನು ಅವಳು ನಂಬಲಿಲ್ಲ. ನಾನು ಅಜ್ಜಿ, ಅಜ್ಜಿಯರು ಹಾಗೇ ಹೇಳುತ್ತಾರೆ.

ಅಷ್ಟರಲ್ಲಿ ಮಹಾಂತೇಶ, ಆ ಆಳು ಅಂದದ್ದನ್ನು ನನ್ನಿಂದ ಕೇಳಿ ಸೇರಿಸಿ, ಅಂಗಡಿಯವರಿಗೆ ದೂರು ಬರೆದಿದ್ದರು. ಉತ್ತರ ಬಂತು. ನೀಟಾದ ಇಂಗ್ಲಿಷು, ಒಂದು ಕಾಮಾ ತಪ್ಪಿಲ್ಲ. ಜೋಕಾಲಿ ಇರುವುದು ಮಕ್ಕಳಿಗೆ ಮಾತ್ರ. ಡಬ್ಬದ ಮೇಲಿನ ತಾಯಿಯ ಚಿತ್ರ ಬರೀ ಅಲಂಕಾರಕ್ಕೆ. ಕಂಬಿ ಕೂರಿಸಲು ಬಂದವನು ಹಾಗೆಲ್ಲ ಏನೂ ಹೇಳಿಲ್ಲ ಎನ್ನುತ್ತಾನೆ. ಮೆದುಳಿನ ಆಪರೇಷನ್ ಆದ ಹಿರಿಯರ ನೆನಪನ್ನು ಪೂರ್ತಿ ನಂಬುವುದು ಕಷ್ಟ. ಆದರೂ ನಮ್ಮ ಮೇಲಿನ ಕರುಣೆಯಿಂದ ದುಡ್ಡು ವಾಪಸ್ ಕೊಡುತ್ತಾರೆ, ಇನ್ನೂ ಗಟ್ಟಿ ಮಾಡೆಲಿನ ಕಂಬಿಯನ್ನು ಉಚಿತವಾಗಿ ಕೊಡುತ್ತಾರೆ. ಜೊತೆಗಿಟ್ಟ ಕಾಗದಕ್ಕೆ ನಾನು ಸಹಿ ಹಾಕಬೇಕು, ಅಷ್ಟೇ.

ಕಾಗದ ಓದಿದೆ. ಮಗು ಅತಿ ಜೋರಾಗಿ ತೂಗಿದ್ದರಿಂದಲೂ ವೃದ್ಧೆಯೊಬ್ಬರು ಬಳಸಬಾರದ ರೀತಿಯಲ್ಲಿ ಬಳಸಿದ್ದರಿಂದಲೂ ಈ ಘಟನೆ ನಡೆಯಿತು ಎಂದು ನಾವು ಒಪ್ಪಬೇಕಿತ್ತು.

"ಸೈನ್ ಮಾಡಿಬಿಡ್ರಿ ಅತ್ತಿ," ಎಂದರು ಮಹಾಂತೇಶ. ಆ ದಿನ ತಾವು ಕೂತು ನೋಡಲಿಲ್ಲ ಎಂದು ಒಳಗೇ ಬೆಂದು ಹೋಗಿದ್ದರು ಪಾಪ. "ನಾವು ವರ್ಕ್ ಪಾಸ್ ಮ್ಯಾಲ ಇರೋ ಮಂದಿ. ಹೊರಗಿನ ದೇಶದಾಗ ಜಗಳ ಯಾಕ? ನೀವು ಆರಾಮಾದ್ರಿ, ಅದ ಸಾಕು."

ವೀಣಾ ಅಂದಳು: "ಅವ್ವಾ, ಬರೀ ಪೇಪರ್ ಅದು. ಲೆಟ್ ಇಟ್ ಗೋ."

"ಬರೀ ಪೇಪರ್ ಅಲ್ಲ," ಎಂದೆ. "ನಿನ್ನ ಮಗಳು ಮನಸಿನ್ಯಾಗ ಏನ ತಿಳಕೊಂಡಾಳೋ ಅದನ್ನ ಟೈಪ್ ಮಾಡಿ ಕಳಿಸ್ಯಾರ. ಅದರ ಕೆಳಗ ಅಜ್ಜಿ ಸಹಿ ಬೇಕಂತ. ನಾ ಸತ್ತರೂ ಹಾಕೂದಿಲ್ಲ. ಅವರಿಗೆ ಹೇಳು, ಬಂದು ನನ್ನ ಕೂಡ ಮಾತಾಡಲಿ."

ಬರುವುದಿಲ್ಲ ಎಂದುಕೊಂಡಿದ್ದೆವು. ಬಂದ. ಮ್ಯಾನೇಜರ್, ನಲವತ್ತರ ಆಸುಪಾಸು, ಬಾಗಿಲಲ್ಲೇ ಶೂ ಬಿಚ್ಚಿಟ್ಟ. ಸಂಭಾವಿತ. ಒಂದು ಕೈಯಲ್ಲಿ ಕಿತ್ತಳೆಯ ಚೀಲ, ಇನ್ನೊಂದರಲ್ಲಿ ಹೊಸ ಕಂಬಿಯ ಡಬ್ಬ. ಬಗಲಲ್ಲಿ ಕಾಗದದ ಫೈಲು. ನಾನು ನನ್ನ ಒಳ್ಳೆಯ ಇಳಕಲ್ ಸೀರೆ ಉಟ್ಟು, ನಿರಿಗೆ ನಾನೇ ಹಿಡಿದು, ಅರ್ಧ ತಲೆಯ ಬೋಳನ್ನು ಹಾಗೇ ಬಿಟ್ಟು ಕೂತಿದ್ದೆ. ಇರಾ ಅಡುಗೆಮನೆಯ ಬಾಗಿಲಲ್ಲಿ.

"ಹೇಗಿದ್ದೀರಿ ಆಂಟಿ? ಲುಕಿಂಗ್ ವೆರಿ ಸ್ಟ್ರಾಂಗ್!"

"ಐ ಆಮ್, ಥ್ಯಾಂಕ್ ಯು. ಪ್ಲೀಸ್ ಸಿಟ್."

"ವಾ, ಆಂಟಿಯ ಇಂಗ್ಲಿಷ್ ಎಷ್ಟು ಚೆನ್ನಾಗಿದೆ."

"ನನ್‌ಗಳು ಕಲಿಸಿದ್ದು. ಓದಿ ನೋಡದೆ ಸಹಿ ಹಾಕಬೇಡ ಅಂತಲೂ ಅವರೇ ಕಲಿಸಿದ್ದು."

ಅವನು ಕೆಮ್ಮಿ ಫೈಲು ತೆಗೆದ. ಇದು ಬರೀ ಪದ್ಧತಿ, ಯಾರ ಮೇಲೂ ತಪ್ಪು ಹೊರಿಸುತ್ತಿಲ್ಲ, ಹೊಸ ಮಾಡೆಲ್ ತುಂಬ ಸುರಕ್ಷಿತ, ತನ್ನ ಮನೆಯಲ್ಲೂ ಮಕ್ಕಳಿದ್ದಾರೆ ಎಂದೆಲ್ಲ ಹೇಳಿದ. ಕೇಳಿಸಿಕೊಂಡೆ. ಉಂಡಿ ತಿನ್ನಲು ಕೊಟ್ಟೆ. ತಿಂದ.

"ಈ ಹೊಸ ಕಂಬಿ ಅಷ್ಟು ಗಟ್ಟಿಯಾ?" ಕೇಳಿದೆ.

"ವೆರಿ, ವೆರಿ ಸ್ಟ್ರಾಂಗ್."

"ಸರಿ ಹಾಗಾದರೆ. ಆ ಬಾಗಿಲಿಗೆ ಹಾಕಿ. ಜೋಕಾಲಿ ಕಟ್ಟಿ. ಕಟ್ಟಿ ನೀವೇ ಮೊದಲು ಕೂತು ಜೀಕಿ. ನಮ್ಮೂರಲ್ಲಿ ಹಾಗೆ ಪದ್ಧತಿ. ನೀವು ಕೂತು ಇಳಿದರೆ ನಾನು ಈಗಲೇ ಸಹಿ ಹಾಕುತ್ತೇನೆ. ವೀಣಾ, ಪೆನ್ ಕೊಡು."

"ಅವ್ವಾ," ಎಂದಳು ವೀಣಾ ಮೆಲ್ಲಗೆ. ಪೆನ್ ಮಾತ್ರ ತಂದು ಕೊಟ್ಟಳು.

ಅವನು ನಕ್ಕು ಎದ್ದ. ಡಬ್ಬ ಬಿಚ್ಚಿ, ಕಂಬಿಯನ್ನು ಬಾಗಿಲಿಗೆ ಹಿಡಿದು ತಿರುಗಿಸಿ ಬಿಗಿ ಮಾಡಿದ. ಜೋಕಾಲಿ ಸಿಕ್ಕಿಸಿದ. ಒಂದು ಕೈಯಿಂದ ಎಳೆದ. ಎರಡು ಕೈಯಿಂದ ಎಳೆದ. ಜೋಕಾಲಿಗೆ ಬೆನ್ನು ಕೊಟ್ಟು ನಿಂತು, ಮೊಣಕಾಲು ಸ್ವಲ್ಪ ಬಗ್ಗಿಸಿದ. ಹಾಗೇ ನಿಂತ. ಕೆಳಗೆ ಎಲ್‌ಆರ್‌ಟಿ ಹಾದು ಹೋದ ಸದ್ದು ಬಂತು. ಅವನು ತಲೆ ಎತ್ತಿ ರಬ್ಬರ್ ಬಿಲ್ಲೆಯನ್ನು ನೋಡಿದ, ಮೊಣಕಾಲು ನೆಟ್ಟಗೆ ಮಾಡಿದ.

"ಆಂಟಿ, ನನಗೆ ಬೆನ್ನುನೋವು ಇದೆ," ಎಂದ.

ಅಡುಗೆಮನೆಯ ಬಾಗಿಲಿನಿಂದ ದನಿ ಬಂತು. "ದಿ ಅದರ್ ಅಂಕಲ್ ಆಲ್ಸೋ ಡೋಂಟ್ ವಾಂಟ್ ಟು ಸಿಟ್."

ಇರಾ. ಎಷ್ಟು ದಿನಗಳ ಮೇಲೆ ಗಟ್ಟಿಯಾಗಿ ಮಾತಾಡಿದ್ದು. ಮ್ಯಾನೇಜರ್ ಅವಳ ಕಡೆ ತಿರುಗಿದ.

"ಯಾವ ಅಂಕಲ್?"

"ದ ಫಿಕ್ಸಿಂಗ್ ಅಂಕಲ್. ಅಜ್ಜಿ ಆಸ್ಕ್ ಹಿಮ್ ಸಿಟ್ ಫಸ್ಟ್. ಹೀ ಸೇ," ಸೊಂಟಕ್ಕೆ ಕೈ ಕೊಟ್ಟು, ಗಂಟಲು ದಪ್ಪ ಮಾಡಿ, ಆ ಆಳಿನ ಧಾಟಿಯಲ್ಲೇ ಹೇಳಿದಳು, "'ಐಯೋ ಆಂಟಿ! ಐ ಸಿಟ್, ಶೂರ್ ಡ್ರಾಪ್ ಲಾ!'"

ಮ್ಯಾನೇಜರ್ ಮುಖ ಇಷ್ಟೇ ಇಷ್ಟಾಯಿತು. ಆ ದನಿ ಯಾರದೆಂದು ಅವನಿಗೆ ತಕ್ಷಣ ಗೊತ್ತಾಯಿತು; ಪಾಠ ಹೇಳಿಕೊಟ್ಟರೂ ಮಗು ಹಾಗೆ ಹೇಳಲು ಸಾಧ್ಯವಿಲ್ಲ. ಮಹಾಂತೇಶರು, ಜಗಳ ಬೇಡವೆಂದ ನನ್ನ ಅಳಿಯಂದಿರು, ಎದ್ದು ಹೋಗಿ ಹಳೆಯ ಡಬ್ಬ ತಂದು ಟೇಬಲ್ಲಿನ ಮೇಲೆ ಇಟ್ಟರು, ತಾಯಿಯ ಚಿತ್ರ ಮೇಲಕ್ಕೆ ಬರುವ ಹಾಗೆ. "ನಿಮ್ಮ ಆಳು ಕೂರಲಿಲ್ಲ. ನೀವೂ ಕೂರಲಿಲ್ಲ," ಎಂದರು ಇಂಗ್ಲಿಷಿನಲ್ಲಿ. "ಕೂತವರು ಈ ಇಬ್ಬರು ಮಾತ್ರ. ತಪ್ಪು ಅವರದು ಅಂತ ಬರೆದಿದ್ದೀರಿ."

ನಾನು ಪೆನ್ನಿನ ಮುಚ್ಚಳ ಹಾಕಿ ವಾಪಸ್ ಕೊಟ್ಟೆ. "ನನ್ನ ನೆನಪು ನಂಬಬೇಡಿ. ಅರ್ಧ ಗಡಿಯಾರ ಬರೆದವಳು ನಾನು. ಆದರೆ ನನ್ನ ಮೊಮ್ಮಗಳ ನೆನಪು ಪೂರ್ತಿ ಇದೆ."

ಅವನು ಕಾಗದ ಫೈಲಿಗೆ ಹಾಕಿಕೊಂಡ. ಕಂಬಿ ಬಿಚ್ಚಿದ. ಹೋಗುವಾಗ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ಇರಾಳಿಗೆ ಹೇಳಿದ: "ಗರ್ಲ್, ನಾಟ್ ಯುವರ್ ಫಾಲ್ಟ್, ಓಕೆ?" ಕಂಪನಿಯ ಮ್ಯಾನೇಜರ್ ಆಗಿ ಹೇಳಿದನೋ ಮಕ್ಕಳ ಅಪ್ಪನಾಗಿ ಹೇಳಿದನೋ ಗೊತ್ತಿಲ್ಲ. ನಾನು ಹೇಳಿದಾಗ ನಂಬದ ಮಾತನ್ನು ಅವಳು ಅವನಿಂದ ನಂಬಿದಳು. ಅವಳ ಭುಜ ಇಳಿದದ್ದು ಕಂಡೆ. ಬಾಗಿಲು ಹಾಕಿದ ಮೇಲೆ ಬಂದು ನನ್ನ ಪಕ್ಕ ಕೂತು, ಬೋಳು ತಲೆಯ ಮೇಲೆ ಒಂದು ಬೆರಳು ಇಟ್ಟು, "ಪ್ರಿಕ್ಲಿ," ಎಂದಳು.

ಹೇಳಿಬಿಡುತ್ತೇನೆ, ದೊಡ್ಡ ಗೆಲುವೇನೂ ಆಗಿಲ್ಲ. ಆಸ್ಪತ್ರೆ ಖರ್ಚಿನ ಪತ್ರವ್ಯವಹಾರ 'ತಪ್ಪೊಪ್ಪಿಗೆ ಎಂದು ಭಾವಿಸತಕ್ಕದ್ದಲ್ಲ' ಎಂಬ ಮಾತಿನೊಂದಿಗೆ ಇನ್ನೂ ನಡೆದಿದೆ. ನಡೆಯಲಿ. ನನಗೆ ವಯಸ್ಸಾಗಿದೆ, ಏನೂ ಅರ್ಜೆಂಟ್ ಇಲ್ಲ. ಆದರೆ ಮಗು ಜೋರಾಗಿ ತೂಗಿತು ಎಂಬ ವಾಕ್ಯ ಹೊಸ ಕಾಗದದಲ್ಲಿಲ್ಲ. ಅವರ ವೆಬ್‌ಸೈಟಿನಲ್ಲಿ ಆ ಹಲ್ಲುಹಲ್ಲಿನ ತಾಯಿಯೂ ಇಲ್ಲ. ಒಬ್ಬಳೇ ಹುಡುಗಿ ಕಂಬಿ ಹಿಡಿದಿದ್ದಾಳೆ, ಕಾಲು ನೆಲಕ್ಕೆ ತಾಗುತ್ತಿದೆ. ಯಾವ ಮನೆಯ ಅಜ್ಜಿಯ ತಲೆ ಉಳಿಯಿತೋ, ಅವಳಿಗೆ ಎಂದೂ ಗೊತ್ತಾಗುವುದಿಲ್ಲ.

ಎಡಗಾಲು ಈಗಲೂ ಸಂಜೆಯಾದರೆ ಸೋಮಾರಿ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಕೊಂಡಿದ್ದೇನೆ. ಕೂದಲು ಬಂದಿದೆ, ಆ ಜಾಗದಲ್ಲಿ ಮಾತ್ರ ಪೂರ್ತಿ ಬೆಳ್ಳಗೆ. ಸ್ಕ್ಯಾನ್ ಇದ್ದಾಗೆಲ್ಲ ಹಿಂದಿನ ದಿನ ಊಟ ಸೇರುವುದಿಲ್ಲ. ಕ್ಲಿನಿಕ್ಕಿನಲ್ಲಿ ಕೂತಾಗ ಕೈಚೀಲದಿಂದ ಹಾಳೆ ತೆಗೆದು ಒಂದು ಗಡಿಯಾರ ಬರೆಯುತ್ತೇನೆ. ಎಡಗಡೆ ಅಂಕಿಗಳು ಇರುವುದನ್ನು ನೋಡಿ ಮಡಚಿ ಇಡುತ್ತೇನೆ. ಯಾರಾದರೂ ನೋಡಿ ನಕ್ಕರೆ ನಗಲಿ.

ಈ ವರ್ಷ ಪಂಚಮಿಗೆ ಮೊದಲು ಡಾಕ್ಟರನ್ನು ಕೇಳಿದೆ, ಜೋಕಾಲಿ ಆಡಬಹುದಾ ಎಂದು. ಅವರು ವೀಣಾ ಮುಖ ನೋಡಿದರು. ವೀಣಾ ಸೂರು ನೋಡಿದಳು. "ಜೆಂಟ್ಲಿ," ಎಂದರು ಕೊನೆಗೆ. "ವೆರಿ ಜೆಂಟ್ಲಿ."

ನಮ್ಮ ಬ್ಲಾಕಿನ ಕೆಳಗೆ ಮಕ್ಕಳ ಆಟದ ಜಾಗವಿದೆ. ಸಿಮೆಂಟಿನಲ್ಲಿ ಹೂತ ಕಂಬ, ಕಬ್ಬಿಣದ ಸರಪಳಿ, ಕೆಳಗೆ ಮೆತ್ತನೆ ರಬ್ಬರ್ ನೆಲ. ಸರಪಳಿಗೆ ಮಲ್ಲಿಗೆ ಸುತ್ತಿದೆ. ಮಹಾಂತೇಶ ಆಫೀಸಿನಿಂದ ನೇರ ಬಂದರು. ನಾನು ಏನೂ ಹೇಳಬೇಕಾಗಲಿಲ್ಲ. ಬ್ಯಾಗು ವೀಣಾ ಕೈಗೆ ಕೊಟ್ಟು, ಕೊರಳ ಐಡಿ ಕಾರ್ಡನ್ನು ಅಂಗಿ ಜೇಬಿಗೆ ತುರುಕಿ, ತಾವೇ ಮೊದಲು ಕೂತು ಜೋರಾಗಿ ಜೀಕಿದರು. ಸರಪಳಿ ಕಿರ್ರ್ ಎಂದಿತು. ಮಕ್ಕಳೆಲ್ಲ ಆಟ ನಿಲ್ಲಿಸಿ ಆ ದೊಡ್ಡ ಅಂಕಲ್ಲನ್ನು ನೋಡಿ ನಕ್ಕರು. ಅವರು ನಗಲಿಲ್ಲ. ಇಳಿದು, ಕೊಂಡಿ ಮುಟ್ಟಿ ನೋಡಿ, "ಹೂಂ," ಎಂದರು. ನನ್ನ ಅಪ್ಪನನ್ನು ಅವರು ಕಂಡವರೇ ಅಲ್ಲ.

ಆಮೇಲೆ ಇರಾ ಆಡಿದಳು, ಮನಸೋ ಇಚ್ಛೆ. ಆಮೇಲೆ ನಾನು ಕೂತೆ. ಸರಪಳಿ ಎರಡು ಕೈಯಲ್ಲಿ ಹಿಡಿದೆ, ಎಡಗೈ ಚೆನ್ನಾಗಿ ಹಿಡಿಯಿತು. ಇರಾ ಹಿಂದೆ ನಿಂತು ನನ್ನ ಬೆನ್ನಿಗೆ ಅಂಗೈ ಇಟ್ಟಳು. ತಳ್ಳಿದಳೋ ಇಲ್ಲವೋ ಎಂಬಷ್ಟು ಮೆಲ್ಲಗೆ ತಳ್ಳಿದಳು.

ಜೆಂಟ್ಲಿ ಎಂದಿದ್ದರು ಡಾಕ್ಟರ್. ಎಷ್ಟು ಜೆಂಟ್ಲಿ ಎಂದು ಹೇಳಿರಲಿಲ್ಲ.

"ಹೈಯರ್," ಎಂದೆ ನಾನು. "ಹೈಯರ್, ಇರಾ."